ತಾನು ಹೊಟ್ಟೆಯೆಂಬುದನ್ನೇ ಮರೆತ ಜೀವಕೋಶದವರಿಗೆ

ಮಾನ್ಯರೇ,

ಸೋಮನೂರಿನ ಮಗ್ಗದ ಬೀದಿಯ ಕಂದಸಾಮಿಯವರ ಜಠರದ ಒಳಗೋಡೆಯಲ್ಲಿ ಬಾಡಿಗೆಯಿಲ್ಲದೆ ನೆಲೆಸಿ, ದಿನೇದಿನೇ ಬಂಧುಬಳಗವನ್ನು ಹೆಚ್ಚಿಸಿಕೊಳ್ಳುತ್ತಿರುವ ತಮಗೆ, ಆ ಕಂದಸಾಮಿಯವರ ಹೆಂಡತಿ ಜಾನಮ್ಮ ಮಾಡುವ ನಮಸ್ಕಾರಗಳು. ತಮ್ಮ ಕ್ಷೇಮಸಮಾಚಾರ ಕೇಳಬೇಕಾಗಿಲ್ಲ. ಕೊಯಮತ್ತೂರಿನ ಡಾಕ್ಟರಮ್ಮ ಫೋಟೋ ಸಮೇತ ತೋರಿಸಿದ್ದಾರೆ. ನಮ್ಮ ಮನೆಯಲ್ಲಿ ಸದ್ಯ ಮೈಕೈ ತುಂಬಿಕೊಂಡಿರುವವರು ತಾವೊಬ್ಬರೇ.

ಮೊದಲಿಗೆ ತಮ್ಮ ಪ್ರತಿಭೆಯನ್ನು ಹೊಗಳಲು ಅಪ್ಪಣೆಯಾಗಬೇಕು. ಡಾಕ್ಟರಮ್ಮ ಹೇಳಿದ ಪ್ರಕಾರ ಒಂದು ಮೈಯಲ್ಲಿರುವ ಕೋಶಗಳಿಗೆಲ್ಲ ಕೊಟ್ಟಿರುವುದು ಒಂದೇ ಪುಸ್ತಕವಂತೆ. ಕಣ್ಣಿನವರು ಕಣ್ಣಿನ ಪುಟಗಳನ್ನು, ಚರ್ಮದವರು ಚರ್ಮದ ಪುಟಗಳನ್ನು ಮಾತ್ರ ತೆರೆದಿಟ್ಟುಕೊಂಡು, ಉಳಿದುದನ್ನು ಭದ್ರವಾಗಿ ಮುಚ್ಚಿ, ತಮ್ಮಿಂದ ಹುಟ್ಟುವವರಿಗೂ ಅದನ್ನೇ ಕಲಿಸಿ, ಹೊತ್ತು ಬಂದಾಗ ತಕರಾರಿಲ್ಲದೆ ಸಾಯುತ್ತಾರಂತೆ. ಪಾಪ, ಎಂಥ ಹಳೇ ಕಾಲದವರು! ತಾವಾದರೋ ಹೊಟ್ಟೆಯ ಪುಟವನ್ನು ಮುಚ್ಚಿ ಕರುಳಿನ ಪುಟ ಬಿಚ್ಚಿದಿರಿ. ಅದೂ ಬೇಸರವಾಗಿ, ತಾಯಿಯ ಗರ್ಭದಲ್ಲಷ್ಟೇ ತೆರೆದಿರಬೇಕಾದ, ಬೆಳೆ ಬೆಳೆ ಎನ್ನುವ ಪುಟಗಳನ್ನೂ ಬಿಚ್ಚಿದಿರಿ. ಅರವತ್ತು ದಾಟಿದ ಗಂಡಸಿನ ಹೊಟ್ಟೆಯಲ್ಲಿ ಕೂಸಿನಂತೆ ಬೆಳೆಯುವ ತಮ್ಮ ಉತ್ಸಾಹಕ್ಕೆ ಭೇಷ್ ಎನ್ನದಿರಲಾದೀತೇ?

ತಪ್ಪೆಲ್ಲ ತಮ್ಮದೇ ಎನ್ನುವಷ್ಟು ಒರಟು ಹೆಂಗಸು ನಾನಲ್ಲ. ಮಗ್ಗದ ಸದ್ದಿನಲ್ಲಿ ನಿಂತೇ ಬೀಡಿ ಸೇದಿ, ಅನ್ನಕ್ಕಿಂತ ಹೆಚ್ಚು ಉಪ್ಪಿನಕಾಯಿ ತಿಂದು, ಹುಣ್ಣಿಗೆ ಕೊಟ್ಟ ಮಾತ್ರೆಯನ್ನು ಅರ್ಧಕ್ಕೇ ಬಿಟ್ಟ ಮಹಾನುಭಾವರು ನಮ್ಮವರು. ಆ ಉರಿಯಲ್ಲಿ ವರ್ಷಗಟ್ಟಲೆ ಬೆಂದರೆ ಯಾರಿಗಾದರೂ ತಾನು ಯಾರೆಂಬುದು ಮರೆತೀತು. ಆದರೆ ತಾವಿನ್ನೂ ಕರುಳಿನ ವೇಷದಲ್ಲಷ್ಟೇ ಇದ್ದಾಗ ಡಾಕ್ಟರಮ್ಮ ಎಚ್ಚರಿಸಿದ್ದರು: ಇದಿನ್ನೂ ಕ್ಯಾನ್ಸರ್ ಅಲ್ಲ, ಹೆಚ್ಚಿನವರಲ್ಲಿ ಆಗುವುದೂ ಇಲ್ಲ, ಆದರೆ ತಪ್ಪದೆ ಬಂದು ನೋಡಿಸಿಕೊಳ್ಳಿ ಎಂದು. ನಮ್ಮವರು ಬಸ್ಸಿನಲ್ಲಿ ಜೋರಾಗಿ ನಕ್ಕರು. "ಇದೇನ್ ದೊಡ್ಡ ವಿಷ್ಯ ಜಾನು? ನಾವ್ ಕೂಡ ಮಗ್ಗದ್ ಶೆಡ್ಡಲ್ಲಿ ತಮಿಳು, ಮನೇಗ್ ಬಂದ್ರೆ ಕನ್ನಡ ತಾನೇ? ಅದೂ ಅಂಗೇ, ಮನೇಗ್ ಬಂದ್ಬುಡ್ತದೆ ಬುಡು" ಎಂದರು. ಹೊಸಲು ದಾಟಿದ ಕೂಡಲೇ ಚಪ್ಪಲಿಯೊಡನೆ ತಮಿಳನ್ನೂ ಹೊರಗೆ ಬಿಡುವುದು ಈ ಮನೆಯ ತಲೆಮಾರುಗಳ ಪದ್ಧತಿ. ಅದನ್ನೇ ನಂಬಿ ಅವರು ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಅಯ್ಯೋ, ತಮ್ಮ ಮೇಲೆ ಎಷ್ಟು ವಿಶ್ವಾಸವಿಟ್ಟಿದ್ದರು! ತಾವು ಮನೆಗೆ ಬರಲೇ ಇಲ್ಲ.

ಆದಕಾರಣ ನನ್ನ ಬಿನ್ನಹವಿಷ್ಟೇ. ದಯಮಾಡಿ ತೆರೆದ ಪುಟಗಳನ್ನು ಮುಚ್ಚಿ ಹಳೆಯ ಕೆಲಸಕ್ಕೆ ಹಾಜರಾಗಬೇಕು. ಅವರು ನುಂಗುವ ಎರಡು ತುತ್ತು ರಾಗಿಕಳಿಯನ್ನಾದರೂ ಅರಗಿಸಬೇಕು. ತಮ್ಮ ಸಂಸಾರಕ್ಕೆಂದು ಎಳೆಸಿಕೊಂಡಿರುವ ರಕ್ತದ ಲೈನನ್ನು ಕತ್ತರಿಸಿಕೊಂಡು, ಸಾಧ್ಯವಾದರೆ ಇದೇ ಭಾನುವಾರದೊಳಗೆ, ಒಳ್ಳೆಯವರ ಹಾಗೆ ಸಾಯಲು ಒಪ್ಪಿಕೊಳ್ಳಬೇಕು.

ಇದನ್ನು ಅವರ ಮಂಚದ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಕನ್ನಡ ಆಡುವವರೇ ಎಲ್ಲ, ಓದಬಲ್ಲವಳು ಕೊಳ್ಳೇಗಾಲದಿಂದ ಸೊಸೆಯಾಗಿ ಬಂದ ನಾನೊಬ್ಬಳೇ. ಹಾಗಾಗಿ ಬಾಯಲ್ಲಿ ಹೇಳಲಾರದ್ದನ್ನು ಇಲ್ಲಿ ಧೈರ್ಯವಾಗಿ ಬರೆಯಬಹುದು. ನನಗೆ ತುಂಬಾ ಭಯವಾಗಿದೆ. ನನಗೆ ಅವರು ಬೇಕು.

ತಮ್ಮ ಉತ್ತರವನ್ನು ಬಯಸದ,
ತಮ್ಮ ವಿಶ್ವಾಸಿ,
ಜಾನಮ್ಮ

ವಿ.ಸೂ.: ಸೋಮವಾರ ಬೆಳಿಗ್ಗೆ ಅವರ ಹೊಟ್ಟೆಯ ಮುಕ್ಕಾಲು ಭಾಗವನ್ನು ಕೊಯ್ದು ತೆಗೆಯುತ್ತಾರೆ, ಇನ್ನೂ ಹೊಟ್ಟೆಯಾಗಿಯೇ ದುಡಿಯುತ್ತಿರುವ ತಮ್ಮ ನೆರೆಹೊರೆಯವರೂ ತಮ್ಮ ದೆಸೆಯಿಂದ ಹೋಗುತ್ತಾರೆ. ಎಲ್ಲಾದರೂ ಮೂಲೆಯಲ್ಲಿ ಅಡಗಿ ಉಳಿಯುವ ಆಲೋಚನೆ ತಮಗಿದ್ದರೆ ಒಂದು ಮಾತು ತಿಳಿದಿರಲಿ. ಅವರು ಹೋದರೆ ನಾನು ಅತ್ತುಕೊಂಡಾದರೂ ಬದುಕುತ್ತೇನೆ. ತಾವು ಒಂದು ದಿನವೂ ಬದುಕುವುದಿಲ್ಲ.