ದಾಣಿಗೆ ಬದಲು ಕುರ್ಚಿ ಹೊತ್ತ ಹೇಸರಗತ್ತೆ ಬರ್ನಿಸ್ ಅವರಿಗೆ

ಮಾನ್ಯ ಬರ್ನಿಸ್ ಅವರ ಸನ್ನಿಧಾನಕ್ಕೆ,

ಹಾಲ್ವರ್ಸನ್ ಮನೆತನದ ಕೊಟ್ಟಿಗೆಯ ಹಿರಿಯ ಸದಸ್ಯರೂ, ಇಡಾಹೋದ ಈ ಬೆಟ್ಟಸಾಲನ್ನು ನಮ್ಮೂರಿನ ಯಾವ ಗಂಡಸಿಗಿಂತಲೂ ಹೆಚ್ಚು ಸಲ ಹತ್ತಿಳಿದವರೂ, ನನ್ನ ಸೋದರತ್ತೆ ಮಾರ್ವಾ ಅವರ ಏಕೈಕ ಆಪ್ತ ಸಲಹೆಗಾರರೂ ಆದ ತಮ್ಮ ನಾಲ್ಕೂ ಗೊರಸುಗಳಿಗೆ ಅಲ್ಪಮತಿಯಾದ ಕೀಗನ್ ಮಾಡುವ ಅನಂತ ನಮಸ್ಕಾರಗಳು. ಹಿಂದಿನ ಎರಡು ಗೊರಸುಗಳಿಗೆ ತುಸು ದೂರದಿಂದ.

ವಿಷಯ: ಎಲ್ಕ್ ಬೇಟೆಯ ಎರಡನೆಯ ಬೆಳಿಗ್ಗೆ ತಾವು ಹೇಳದೆ ಕೇಳದೆ ಬೆಟ್ಟ ಇಳಿದು ಹೊರಟುಹೋದ ಬಗ್ಗೆ.

ತಾವು ಕುಶಲವೆಂದು ನಂಬಿದ್ದೇನೆ. ನಾನು ಕುಶಲನಲ್ಲ. ಬಗ್ಗಿ ಬೂಟಿನ ಲೇಸು ಕಟ್ಟಲಾಗದ, ಕೂತರೆ ಏಳಲಾಗದ ಸ್ಥಿತಿಯಲ್ಲಿ, ಅಡುಗೆಮನೆಯ ಮೇಜಿಗೆ ಒರಗಿ ನಿಂತುಕೊಂಡೇ ಈ ದೂರನ್ನು ಬರೆಯುತ್ತಿದ್ದೇನೆ. ಅಕ್ಷರಗಳು ವಾಲಿದ್ದರೆ ಅದಕ್ಕೆ ಕಾರಣ ನನ್ನ ಸೊಂಟವೇ ಹೊರತು ತಮ್ಮ ಬಗೆಗಿನ ಅಗೌರವವಲ್ಲ.

ಹಿನ್ನೆಲೆ ತಮಗೆ ಚೆನ್ನಾಗಿ ಗೊತ್ತು. ಆದರೂ ಬಹಿರಂಗ ಪತ್ರವೆಂದ ಮೇಲೆ ಊರಿನವರಿಗೂ ಒಂದು ಮಾತು ಹೇಳಬೇಕಾಗುತ್ತದೆ. ಬೇಸಿಗೆಯಲ್ಲಿ ಗರಗಸದ ಮಿಲ್ಲಿನಲ್ಲಿ ದಿಮ್ಮಿಯೊಂದು ಉರುಳಿ ನಮ್ಮಪ್ಪನ ಬಲಭುಜ ಮುರಿಯಿತು. ಪ್ರತಿವರ್ಷ ಅಪ್ಪ ಹೊಡೆದು ತರುವ ಒಂದು ಎಲ್ಕೇ ಹಿಮ ಕರಗುವವರೆಗೆ ನಮ್ಮ ಮನೆಯ ಊಟ. ಈ ವರ್ಷ ಫ್ರೀಜರಿನಲ್ಲಿ ಉಳಿದಿದ್ದದ್ದು ಬಟಾಣಿ, ಮಂಜುಗಡ್ಡೆ ಮತ್ತು ಯಾರು ಹಿಡಿದದ್ದೆಂದು ಯಾರೂ ಒಪ್ಪಿಕೊಳ್ಳದ ಒಂದು ಮೀನು. ಹೀಗಾಗಿ ಕುದುರೆಯಷ್ಟು ದೊಡ್ಡದಾದ, ಕೋಡುಳ್ಳ ಮೃಗವೊಂದನ್ನು ರಸ್ತೆಯೇ ಇಲ್ಲದ ಬೆಟ್ಟದ ಒಳಗಿನಿಂದ ಮನೆಗೆ ತರುವ ಜವಾಬ್ದಾರಿ, ಅಲ್ಲಿಯವರೆಗೆ ಬೇಟೆಗೆ ಹೋಗುವವರ ಟ್ರೇಲರಿನ ಬಾಗಿಲು ತೆಗೆದುಕೊಡುವುದರಲ್ಲಷ್ಟೇ ಅನುಭವವಿದ್ದ ನನ್ನ ಹೆಗಲಿಗೆ ಬಿತ್ತು. ಅಮ್ಮ ಕಣ್ಣೀರು ಒರೆಸಿಕೊಂಡು, "ಅತ್ತಿಗೇ, ಇವನನ್ನ ಜೋಪಾನವಾಗಿ ವಾಪಸ್ ಕರ್ಕೊಂಡು ಬನ್ನಿ" ಎಂದಾಗ ಮಾರ್ವಾ ಅತ್ತೆ ಕೊಟ್ಟ ಉತ್ತರ ತಮಗೂ ಕೇಳಿಸಿರಬೇಕು: "ಬರೀ ಇವನನ್ನ ಕರ್ಕೊಂಡು ಬಂದ್ರೆ ಚಳಿಗಾಲಕ್ಕೆ ಏನು ಬೇಯಿಸ್ತೀಯೇ?"

ಇಂಥ ಗಂಭೀರ ಕಾರ್ಯಕ್ಕೆ ನಾನು ನಡೆಸಿದ ಸಿದ್ಧತೆಯನ್ನು ತಾವು ಒಮ್ಮೆಯೂ ಮೆಚ್ಚಲಿಲ್ಲವೆಂಬುದು ನನ್ನ ಮೊದಲ ಅಳಲು. ಬೆಟ್ಟದ ಬೇಟೆಯಲ್ಲಿ ಹಗುರವೇ ಸರ್ವಸ್ವವೆಂದು ಫೋನಿನ ವಿಡಿಯೋ ಒಂದರಲ್ಲಿ ಗಡ್ಡದವರೊಬ್ಬರು ಹೇಳಿದ್ದನ್ನು ಭಕ್ತಿಯಿಂದ ಕೇಳಿ, ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನು ಗರಗಸದಿಂದ ಕತ್ತರಿಸಿದೆ. ಚಮಚದ ಬಾಲ ಮುರಿದೆ. ಒಳ ಅಂಗಿಗಳ ಕುತ್ತಿಗೆಯ ಚೀಟಿಗಳನ್ನು ಕಿತ್ತೆ. ನಕಾಶೆಯ ಅಂಚನ್ನು ಕತ್ತರಿಸಿದೆ. ನಾವು ಹೋಗಬೇಕಿದ್ದ ಕಣಿವೆ ಆ ಅಂಚಿನಲ್ಲಿತ್ತೆಂಬುದು ಆಮೇಲೆ ತಿಳಿಯಿತು. ಹೀಗೆ ಕಷ್ಟಪಟ್ಟು ಉಳಿಸಿದ ತೂಕವನ್ನು ಪೋಲು ಮಾಡಬಾರದೆಂದು ಆ ಜಾಗದಲ್ಲಿ ಒಂದು ಮಡಚುವ ಕುರ್ಚಿ, ಕಾಫಿಬೀಜ ಬೀಸುವ ಯಂತ್ರ, ಬೀಡುಕಬ್ಬಿಣದ ಬಾಣಲೆ ಮತ್ತು ಹೆಣ್ಣು ಎಲ್ಕಿನ ಹಿಂಭಾಗವನ್ನು ಆಳೆತ್ತರಕ್ಕೆ ಮುದ್ರಿಸಿದ, ಕೊಡೆಯಂತೆ ಫಟ್ಟನೆ ಬಿಚ್ಚಿಕೊಳ್ಳುವ ಬಟ್ಟೆಯ ಪರದೆಯೊಂದನ್ನು ಸೇರಿಸಿದೆ.

ಅತ್ತೆಯ ಮನೆಯ ಪದ್ಧತಿ ತಮಗೆ ತಿಳಿದದ್ದೇ. ಹೊರಡುವ ಮುನ್ನ ಪ್ರತಿಯೊಬ್ಬರ ಸಾಮಾನೂ ಅಂಗಳದಲ್ಲಿ ಹಾಸಿದ ಟಾರ್ಪಾಲಿನ ಮೇಲೆ ಬರಬೇಕು, ಅತ್ತೆ ಸುತ್ತಲೂ ನಡೆಯಬೇಕು, ಅವರ ಬೂಟಿನ ತುದಿ ಯಾವುದನ್ನು ಟಾರ್ಪಾಲಿನಿಂದ ಆಚೆ ತಳ್ಳುತ್ತದೋ ಅದು ಮನೆಯಲ್ಲೇ ಉಳಿಯಬೇಕು, ಮೇಲ್ಮನವಿಗೆ ಅವಕಾಶವಿಲ್ಲ. ಬೂಟು ಮೊದಲು ಕುರ್ಚಿಯ ಮುಂದೆ ನಿಂತಿತು.

"ಲೋ ಕೀಗನ್, ಇದೇನೋ? ಎಲ್ಕ್ ಹೊಡೆಯೋಕೆ ಹೊರಟಿದೀಯೋ, ಅದಕ್ಕೊಂದು ಮನೆ ಹೂಡಿಕೊಡೋಕೆ ಹೊರಟಿದೀಯೋ?"

"ಕೂತ್ಕೊಳ್ಳೋಕೆ, ಅತ್ತೆ."

"ಕೂತ್ಕೊಳ್ಳೋಕೆ ಅಂತಾನೇ ಅಲ್ಲಿ ಅಷ್ಟು ದೊಡ್ಡ ಬೆಟ್ಟ ಇಟ್ಟಿದಾರೆ. ನಡಿ, ಮುಂದಿಂದೇನು?"

ನಾನು ಪರದೆಯನ್ನು ಬಿಚ್ಚಿ ತೋರಿಸಿದೆ. ಹೆಣ್ಣು ಎಲ್ಕಿನ ಹಿಂಭಾಗವನ್ನು ಅತ್ತೆ ಬಹಳ ಹೊತ್ತು ನೋಡಿ, "ಇದನ್ನ ಕಂಡು ಗಂಡು ಎಲ್ಕ್ ಬರುತ್ತೋ ಇಲ್ವೋ, ಇನ್ನೊಬ್ಬ ಬೇಟೆಗಾರ ಮಾತ್ರ ಗ್ಯಾರಂಟಿ ಬರ್ತಾನೆ, ಕೋವಿ ಎತ್ಕೊಂಡು" ಎಂದು ಅದನ್ನೂ ತಳ್ಳಿದರು. ಬಲಗೈಯನ್ನು ಕೊರಳಪಟ್ಟಿಯಲ್ಲಿ ತೂಗುಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ ಅಪ್ಪ ನನ್ನ ಪರ ವಹಿಸಿದರು. "ಹೋಗ್ಲಿ ಬಿಡಕ್ಕಾ, ಮೊದಲನೇ ಸಲ. ನಾನೂ ಮೊದಲನೇ ಸಲ ರೇಡಿಯೋ ತಗೊಂಡು ಹೋಗಿರ್ಲಿಲ್ವಾ?"

"ಹೋಗಿದ್ದು ನೀನು. ಹೊತ್ತು ತಂದಿದ್ದು ನಾನು," ಎಂದರು ಅತ್ತೆ, ಮತ್ತು ಕಾಫಿಯಂತ್ರ ಉರುಳಿತು, ಬಾಣಲೆಯೂ ಅದರ ಹಿಂದೆ ಹೋಯಿತು.

ಇಲ್ಲಿ ನನ್ನ ಪ್ರತಿಭೆಯ ವಿಷಯ ಬರುತ್ತದೆ. ತಮ್ಮ ಎರಡು ಪಕ್ಕೆಗಳಿಗೆ ಕಟ್ಟುವ ಹೇರಿನ ಪೆಟ್ಟಿಗೆಗಳನ್ನು ಕೊಟ್ಟಿಗೆಯ ತೊಲೆಗೆ ನೇತುಹಾಕಿದ ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿ, ಎಡವೂ ಬಲವೂ ಸಮನಾಗುವವರೆಗೆ ಅತ್ತೆ ಬಿಡುವುದಿಲ್ಲ. ಒಂದು ಕಡೆ ಹೆಚ್ಚಾದರೆ ಜೀನು ಜಾರಿ ತಮ್ಮ ಬೆನ್ನು ಕೆತ್ತಿಹೋಗುತ್ತದೆಂಬ ಕಾಳಜಿ ಅವರದು. ಅಂದರೆ, ಅತ್ತೆ ನೋಡುವುದು ತೂಕವನ್ನು, ಒಳಗಿರುವುದನ್ನಲ್ಲ. ಅವರು ಟ್ರೇಲರಿನ ಚಕ್ರಗಳಿಗೆ ಗಾಳಿ ಹಾಕಿಸಲು ಹೋದಾಗ ನಾನು ಎಡಪೆಟ್ಟಿಗೆಯಲ್ಲಿದ್ದ ಒಂದು ಗೋಣಿಯನ್ನು ಸದ್ದಿಲ್ಲದೆ ಖಾಲಿ ಮಾಡಿ, ಅದೇ ಗೋಣಿಯಲ್ಲಿ ಅದೇ ತೂಕಕ್ಕೆ ಕುರ್ಚಿ, ಯಂತ್ರ, ಬಾಣಲೆ, ಪರದೆಗಳನ್ನು ತುಂಬಿ ಬಾಯಿ ಹೊಲಿದೆ. ತಕ್ಕಡಿಯ ಮುಳ್ಳು ಅಲುಗಲಿಲ್ಲ. "ಪರವಾಗಿಲ್ವೇ, ಹುಡುಗನ ಕೈ ಪಳಗಿದೆ" ಎಂದು ಅತ್ತೆ ನನ್ನ ಬೆನ್ನು ತಟ್ಟಿದರು. ನನ್ನ ಬೆನ್ನಿಗೆ ಸಂದ ಕೊನೆಯ ಗೌರವ ಅದೇ.

ಗೋಣಿಯಿಂದ ನಾನು ಸುರಿದದ್ದು ತಮ್ಮ ಮೇವಿನ ಕಾಳು, ಅಂದರೆ ದಾಣಿ. ಬೆಟ್ಟದ ತುಂಬ ಹುಲ್ಲಿರುವಾಗ ಮನೆಯಿಂದ ತಿಂಡಿ ಕಟ್ಟಿಕೊಂಡು ಹೋಗುವುದು ದೊಡ್ಡವರಿಗೆ ಶೋಭೆಯಲ್ಲವೆಂದು ನಾನು ತಮ್ಮ ಪರವಾಗಿ ತೀರ್ಮಾನಿಸಿದೆ. ಹೇರು ಕಟ್ಟುವಾಗ ತಾವು ಕತ್ತು ತಿರುಗಿಸಿ ಆ ಗೋಣಿಯನ್ನು ಒಮ್ಮೆ ಮೂಸಿ, ಆಮೇಲೆ ನನ್ನ ಮುಖವನ್ನು ದಿಟ್ಟಿಸಿ ನೋಡಿದಿರಿ. ಅದು ವಾತ್ಸಲ್ಯವೆಂದುಕೊಂಡು ನಾನು ತಮ್ಮ ಹಣೆ ಸವರಿದೆನೆಂದು ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ.

ದಿನವಿಡೀ ತಾವು ನನ್ನ ಕುರ್ಚಿಯನ್ನು ಹೊತ್ತು, ಹೊಳೆ ದಾಟಿ, ಕಲ್ಲು ಜರುಗುವ ಏರಿನಲ್ಲಿ ಒಂದು ಹೆಜ್ಜೆಯೂ ತಪ್ಪದೆ ನಡೆದದ್ದಕ್ಕೆ ನಾನು ಚಿರಋಣಿ. ಆದರೆ ಸಂಜೆ ಬಿಡಾರದಲ್ಲಿ ನಡೆದದ್ದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಅತ್ತೆ ತಮ್ಮನ್ನು ಎಂದೂ ಕಟ್ಟುವುದಿಲ್ಲವಂತೆ. ಕೊರಳಿಗೆ ಗಂಟೆ ಹಾಕಿ ಮೇಯಲು ಬಿಡುತ್ತಾರಂತೆ. ಸಂಜೆಯ ಒಂದು ಬೊಗಸೆ ದಾಣಿಯೇ ತಮಗೂ ಅವರಿಗೂ ನಡುವಿನ ಒಪ್ಪಂದವಂತೆ. ಅವರು ಗೋಣಿಯ ಹೊಲಿಗೆ ಬಿಚ್ಚಿ ತಲೆಕೆಳಗು ಮಾಡಿದಾಗ ಕುರ್ಚಿ ಬಿತ್ತು, ಬಾಣಲೆ ಬಿತ್ತು, ಪರದೆ ಫಟ್ಟನೆ ಬಿಚ್ಚಿಕೊಂಡು ಹೆಣ್ಣು ಎಲ್ಕಿನ ಹಿಂಭಾಗ ಅತ್ತೆಯ ಮುಖಕ್ಕೆ ಎದುರಾಗಿ ನಿಂತಿತು.

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಇದರಲ್ಲಿ ಯಾವುದನ್ನ ತಿನ್ನಿಸ್ತೀಯೋ ಅವಳಿಗೆ?" ಎಂದು ಮಾತ್ರ ಕೇಳಿದರು. ನಾನು ನನ್ನ ಓಟ್ಸ್ ಗಂಜಿಯ ಪೊಟ್ಟಣಗಳನ್ನೆಲ್ಲ ಹರಿದು ಬಾಣಲೆಯಲ್ಲಿ ಸುರಿದು ಸಮರ್ಪಿಸಿದೆ. ದಾಲ್ಚಿನ್ನಿ ಸೇರಿದ್ದನ್ನು ತಾವು ಸ್ವೀಕರಿಸಿ, ಸೇಬು ಸೇರಿದ್ದನ್ನು ನನ್ನ ಬೂಟಿನ ಮೇಲೆ ಉಗುಳಿದಿರಿ. "ಇವತ್ತು ಕಟ್ಟಲೇಬೇಕು," ಎಂದ ಅತ್ತೆ ಹಗ್ಗವನ್ನು ನನ್ನ ಕೈಗೆ ಕೊಟ್ಟು ಬೇರೆ ಕಡೆ ಮುಖ ಮಾಡಿದರು. ತಮ್ಮನ್ನು ಕಟ್ಟುವುದನ್ನು ನೋಡಲು ಅವರಿಗೆ ಆಗಲಿಲ್ಲ. ಗಡ್ಡದವರು ಕಲಿಸಿದ, ಆನೆಯೂ ಬಿಚ್ಚಲಾರದ ಗಂಟನ್ನು ನಾನು ಹಾಕಿದೆ. ಬೆಳಕು ಹರಿಯುವ ಹೊತ್ತಿಗೆ ತಾವು ಅದನ್ನು ತುಟಿಯಿಂದಲೇ ಬಿಚ್ಚಿ, ಹಗ್ಗವನ್ನು ನೀಟಾಗಿ ಅಲ್ಲೇ ಬಿಟ್ಟು, ಗಂಟೆ ಬಾರಿಸುತ್ತ ಕಣಿವೆ ಇಳಿಯತೊಡಗಿದ್ದಿರಿ.

ಮುಂದಿನದಕ್ಕೆ ತಮಗೆ ಧನ್ಯವಾದ ಹೇಳಬೇಕೋ ಬೇಡವೋ ತಿಳಿಯದು. ತಮ್ಮ ಗಂಟೆಯ ಸದ್ದಿಗೆ ಕೆಳಗಿನ ಹುಲ್ಲುಗಾವಲಿನಲ್ಲಿದ್ದ ಹಿಂಡು ಬೆದರಿ ಮೇಲಕ್ಕೆ ಹತ್ತಿತು. ಅತ್ತೆಯ ಕಣ್ಣು ತಪ್ಪಿಸಿಕೊಂಡು ಮರಗಳ ಅಂಚಿನಲ್ಲಿ ಮುಖ ಊದಿಸಿ ಕೂತಿದ್ದ ನನ್ನ ಮುಂದೆ ಗಂಡು ಎಲ್ಕೊಂದು ಬಂದು ಅಡ್ಡ ನಿಂತಿತು, ಉಸಿರು ಹೊಗೆಯಂತೆ ಏಳುತ್ತಿತ್ತು. ಇಲ್ಲಿ ಮಾತ್ರ ನನಗೆ ತಮಾಷೆ ಮಾಡಲು ಬಾರದು. ಅಪ್ಪನ ಕೋವಿ, ಒಂದೇ ಗುಂಡು. ಅದು ನಾಲ್ಕು ಹೆಜ್ಜೆ ನಡೆದು ಮಲಗಿತು. ಅತ್ತೆ ಬಂದು ಅದರ ಕುತ್ತಿಗೆಯ ಮೇಲೆ ಕೈಯಿಟ್ಟರು, ನಾನೂ ಇಟ್ಟೆ. ಬೆಚ್ಚಗಿತ್ತು. ಆಮೇಲೆ ಅವರು ತಲೆಯೆತ್ತಿ ಆಕಾಶ ನೋಡಿದರು: ಮೋಡದ ಚೂರೂ ಇರಲಿಲ್ಲ.

"ಅಕ್ಟೋಬರಲ್ಲಿ ಇಂಥ ಬಿಸಿಲು! ನಾಳೆ ಮಧ್ಯಾಹ್ನದೊಳಗೆ ಇದು ಕೆಳಗೆ ಐಸಲ್ಲಿ ಇರಬೇಕು. ಇಲ್ದಿದ್ರೆ ಮೂಳೆ ಹತ್ರ ಹುಳಿಯುತ್ತೆ. ನಿಮ್ಮಪ್ಪಂಗೆ ಏನು ಹೇಳ್ತೀಯ, ಕುರ್ಚಿ ಚೆನ್ನಾಗಿತ್ತು ಅಂತಾನಾ?"

ಇಬ್ಬರೂ ಸೇರಿ ಕಾಲುಗಳನ್ನು ಬಿಡಿಸಿ, ಬಟ್ಟೆಚೀಲಗಳಲ್ಲಿ ಹಾಕಿ, ತೊರೆಯ ಪಕ್ಕದ ನೆರಳಿನ ಕೊಂಬೆಗಳಿಗೆ ತೂಗುಹಾಕಿದೆವು. ಅತ್ತೆ ತಮ್ಮನ್ನು ಹುಡುಕಿಕೊಂಡು ಬೆಟ್ಟ ಇಳಿದರು. ಮರುದಿನ ಬಿಸಿಲು ಏರತೊಡಗಿದರೂ ಅವರ ಸುಳಿವಿಲ್ಲ, ಚೀಲಗಳ ಸುತ್ತ ನೊಣಗಳ ಹಾಡು ಶುರುವಾಗಿತ್ತು, ಮತ್ತು ನನ್ನ ತಲೆಯಲ್ಲಿ ಖಾಲಿ ಫ್ರೀಜರಿನ ಮುಚ್ಚಳ ತೆಗೆದು ನಿಂತ ಅಮ್ಮ ಇದ್ದಳು. ನನ್ನ ಬೆನ್ನುಚೀಲದಲ್ಲಿದ್ದುದನ್ನೆಲ್ಲ ಹುಲ್ಲಿನ ಮೇಲೆ ಸುರಿದು, ಹಿಂಗಾಲಿನ ಒಂದು ತೊಡೆಯನ್ನು ಅದಕ್ಕೆ ಬಿಗಿದು, ನಾಲ್ಕು ಸಲ ಮುಗ್ಗರಿಸಿ ಐದನೆಯ ಸಲಕ್ಕೆ ಎದ್ದು ನಿಂತೆ. ಅರ್ಧ ದಾರಿ ಇಳಿದೆ, ಬರ್ನಿಸ್ ಅವರೇ. ಮೊಣಕಾಲು ಬೇರೆಯವರದ್ದಾಯಿತು, ಭುಜ ಯಾರದ್ದೂ ಅಲ್ಲವಾಯಿತು. ಆಗ ತಿರುವಿನಲ್ಲಿ ಗಂಟೆ ಕೇಳಿಸಿ, ಅತ್ತೆಯ ಹಿಂದೆ ತಾವು ಪ್ರತ್ಯಕ್ಷರಾದಿರಿ. ತಾವು ಬೆಟ್ಟದ ಬುಡದಲ್ಲಿ ನಿಲ್ಲಿಸಿದ್ದ ನಮ್ಮ ಟ್ರೇಲರಿನ ಬಳಿ ಬೇರೊಂದು ಬಿಡಾರದವರ ಒಣಹುಲ್ಲನ್ನು ಅರ್ಧ ಮುಗಿಸಿದ್ದಿರಂತೆ, ಅವರು ತಮ್ಮ ನಡತೆಯನ್ನು ಬಹಳ ಹೊಗಳಿದರಂತೆ. ನಾನು ಸಂತೋಷದಿಂದ ಅತ್ತುಬಿಟ್ಟೆ. "ಅತ್ತೆ, ಬೇಗ ಇಳಿಸು ಇದನ್ನ, ಅವಳ ಮೇಲೆ ಹಾಕೋಣ!"

ಅತ್ತೆ ನನ್ನನ್ನು, ತಮ್ಮ ಖಾಲಿ ಬೆನ್ನನ್ನು, ಮತ್ತೆ ನನ್ನನ್ನು ನೋಡಿದರು. "ಒಂದು ತೊಡೆ ನಿನ್ನ ಬೆನ್ನ ಮೇಲೆ, ಅದರ ಜೋಡಿ ಮೇಲೆ ಕೊಂಬೆಯಲ್ಲಿ. ಒಂದೇ ಪಕ್ಕಕ್ಕೆ ಹೇರಿದ್ರೆ ಇವಳ ಬೆನ್ನು ಏನಾಗ್ಬೇಕು?"

"ಇನ್ನೊಂದು ಕಡೆಗೆ ಕಲ್ಲು..."

"ಕುರ್ಚಿ ಹೊರಿಸಿದ್ದು ಸಾಲ್ದಾ, ಈಗ ಕಲ್ಲೂ ಹೊರಿಸ್ತೀಯಾ ಬೆಟ್ಟಕ್ಕೆ?"

"ಹಾಗಾದ್ರೆ ಇಲ್ಲೇ ಮರಕ್ಕೆ ಕಟ್ಟಿ..."

"ಕರಡಿ ಊಟಕ್ಕೆ ಕೂತ್ಕೊಳ್ಳುತ್ತೆ. ಕುರ್ಚಿನೂ ತಂದು ಹಾಕು ಅದಕ್ಕೆ. ನಡಿಯೋ, ಮೇಲೆ!"

ಹೀಗೆ, ಮಾನ್ಯರೇ, ಸತ್ತ ಮೃಗದ ತೊಡೆಯನ್ನು ಬೆಟ್ಟದಿಂದ ಇಳಿಸುವುದರ ಬದಲು ಬೆಟ್ಟಕ್ಕೆ ಹತ್ತಿಸಿದ ಮೊದಲ ಬೇಟೆಗಾರನೆಂಬ ಕೀರ್ತಿ ನನಗೆ ಸಂದಿತು. ಇಡೀ ಏರು ತಾವು ಖಾಲಿ ಬೆನ್ನಿನಿಂದ ನನ್ನ ಮುಂದೆ ನಡೆದು, ನಾನು ನಿಂತಾಗಲೆಲ್ಲ ತಾವೂ ನಿಂತು, ಹಿಂದಿರುಗಿ ನೋಡಿ ಕಿವಿ ಅಲ್ಲಾಡಿಸಿದಿರಿ. ಆ ಸೌಜನ್ಯವನ್ನು ಮರೆಯಲಾರೆ. ಮೇಲೆ ಎರಡು ತೊಡೆಗಳೂ ಎರಡು ಮುಂಗಾಲುಗಳೂ ಎಡಬಲ ಸಮನಾಗಿ ತಮ್ಮ ಮೇಲೇರಿದವು. ಕುತ್ತಿಗೆಯ ಮಾಂಸ, ಕುರ್ಚಿ, ಯಂತ್ರ, ಬಾಣಲೆ ಮತ್ತು ಹೆಣ್ಣು ಎಲ್ಕಿನ ಹಿಂಭಾಗ ನನ್ನ ಮೇಲೇರಿದವು. ದಾರಿಯಲ್ಲಿ ಎದುರಾದ ಬೇಟೆಗಾರರೆಲ್ಲ ಟೋಪಿ ತೆಗೆದರು. ತಮಗೆ.

ಆದಕಾರಣ ನನ್ನ ಕೋರಿಕೆಗಳನ್ನು ಪರಾಂಬರಿಸಬೇಕು. ಮುಂದೆ ರಾಜೀನಾಮೆ ಕೊಡುವುದಿದ್ದರೆ ಒಂದು ವಾರ ಮುಂಚೆ, ಇಲ್ಲವೇ ಒಂದು ಒದೆತದ ಮೂಲಕವಾದರೂ ತಿಳಿಸತಕ್ಕದ್ದು. ಗೋಣಿಯನ್ನು ಮೂಸಿದಾಗಲೇ ಮೋಸ ತಿಳಿದಿದ್ದರೆ ಅದನ್ನು ಅಂಗಳದಲ್ಲೇ ಬಾಯಿಬಿಟ್ಟು ಹೇಳತಕ್ಕದ್ದು. ತಮಗೆ ಮಾತು ಬಾರದೆಂಬ ನೆಪವನ್ನು ಇನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ತಮ್ಮ ಕಿವಿಗಳು ಹೇಳಿದ್ದೆಲ್ಲ ನನಗೆ ಚೆನ್ನಾಗಿ ಅರ್ಥವಾಗಿದೆ. ಹಾಗೂ ಗಂಟು ಹಾಕುವ ವಿದ್ಯೆಯಲ್ಲಿ ನನಗೆ ಪಾಠ ಹೇಳಿಕೊಡಬೇಕೆಂದು ಪ್ರಾರ್ಥನೆ.

ಮನೆಗೆ ಬಂದಾಗ ಅಪ್ಪ ಎಡಗೈಯಲ್ಲಿ ಚಾಕು ಹಿಡಿದು, ನಾನು ಹೊತ್ತು ತಿರುಗಿದ ಆ ತೊಡೆಯನ್ನೇ ಆರಿಸಿ, ಮೂಳೆಯ ಉದ್ದಕ್ಕೂ ಸೀಳಿ ಮೂಗಿಟ್ಟರು. ಅಮ್ಮ ಫ್ರೀಜರಿನ ಮುಚ್ಚಳ ಹಿಡಿದುಕೊಂಡೇ ನಿಂತಿದ್ದಳು. ಅಪ್ಪ ಮತ್ತೊಮ್ಮೆ ಮೂಸಿ, "ಹುಳಿ ಇಲ್ಲ. ಫ್ರೀಜರಿಗೆ ತುಂಬೇ," ಎಂದರು.

ತಮ್ಮ ವಿಶ್ವಾಸಿ ಎಂದು ಸಹಿ ಮಾಡುವಷ್ಟು ವಿಶ್ವಾಸ ತಮಗೆ ನನ್ನಲ್ಲಿ ಉಳಿದಿಲ್ಲವೆಂದು ಬಲ್ಲೆನಾದರೂ,

ತಮ್ಮ ವಿಶ್ವಾಸಿ,
ಕೀಗನ್ ಹಾಲ್ವರ್ಸನ್
(ಪ್ರಭಾರ ಹೇಸರಗತ್ತೆ)

ಮರೆತ ಮಾತು: ನಿನ್ನೆ ಅದೇ ತೊಡೆಯ ಮೊದಲ ತುಂಡುಗಳನ್ನು ಅಮ್ಮ ಈರುಳ್ಳಿಯೊಂದಿಗೆ ಹುರಿದಳು. ಅಪ್ಪ ಬಹಳ ಹೊತ್ತು ಅಗಿದು, "ರುಚಿ ಚೆನ್ನಾಗಿದೆ. ಆದ್ರೆ ಈ ಕಾಲು ಯಾಕೋ ಸ್ವಲ್ಪ ಗಟ್ಟಿ, ಜಾಸ್ತಿ ನಡೆದುಬಿಟ್ಟಿದೆ ಅನ್ಸುತ್ತೆ" ಎಂದರು. ಅತ್ತೆ ನಗು ತಡೆಯಲಾರದೆ ಮೇಜು ಬಿಟ್ಟು ಎದ್ದುಹೋದರು. ಅದೇ ಕ್ಷಣಕ್ಕೆ ಕೊಟ್ಟಿಗೆಯ ಕಡೆಯಿಂದ ಕೇಳಿಬಂದ ದೀರ್ಘ ಕೂಗು ಹಸಿವಿನದಲ್ಲವೆಂದು ನನಗೆ ಖಚಿತವಾಗಿ ಗೊತ್ತು. ಊಟಕ್ಕೆ ಮೊದಲು ತಮಗೆ ದಾಣಿ ಹಾಕಿದವನು ನಾನೇ.