ಮಾವನ ಮಾತು ಕೇಳುವ ಮೀನುಗಳು

ದಾಂಡೇಲಿಯ ಹೊಳೆಯ ಮೀನುಗಳೆಲ್ಲ ನಮ್ಮ ಸೋದರಮಾವನ ಮಾತು ಕೇಳುತ್ತಿದ್ದವು! ಮನೆಯಲ್ಲಿ ಅತ್ತೆ ಕೇಳುತ್ತಿರಲಿಲ್ಲ, ಕೆಲಸದಲ್ಲಿ ಯಾರೂ ಕೇಳುತ್ತಿರಲಿಲ್ಲ. ಮೀನುಗಳಾದರೂ ಕೇಳಲಿ ಬಿಡಿ. ಅರವತ್ತರ ದಶಕದಲ್ಲಿ ಧಾರವಾಡದ ಕಡೆಯಿಂದ ಕೆಲಸಕ್ಕೆ ಬಂದ ಮಾವ ಮೀನು ತಿನ್ನುವುದಿರಲಿ, ಮೀನು ಮಾರುವವರನ್ನು ಕಂಡರೆ ರಸ್ತೆಯ ಆಚೆಗೆ ದಾಟುವವರು. ಆದರೆ ಸೋಮವಾರ ವಿಭೂತಿ ಹಚ್ಚಿ, ಮೀನಿಗೆ ಚುರುಮುರಿ ಹಾಕಿ ಬಂದ ಮೇಲೆಯೇ ಅವರ ಊಟ. ನಾನಾಗ ಅವರ ಮನೆಯಲ್ಲಿದ್ದು ಕೆಲಸ ಹುಡುಕುತ್ತಿದ್ದೆ, ಅಂದರೆ ಚುರುಮುರಿ ಚೀಲ ಹೊರುತ್ತಿದ್ದೆ.

ಒಂದು ಬೇಸಿಗೆಯಲ್ಲಿ ವಿಚಿತ್ರ ನಡೆಯಿತು. ಮಾವ ಕರೆಯುವ ಮೊದಲೇ ಮೀನುಗಳು ಮೇಲೆ ಬಂದು ಬಾಯಿ ತೆರೆದು ನಿಂತಿದ್ದವು.

"ನೋಡಲೇ ಅಳ್ಯಾ! ನನ್ನ ಚಪ್ಪಲಿ ಸಪ್ಪಳಕ್ಕ ಬಂದ್ವು!"

"ಮತ್ತ ಒಂದೂ ತಿನ್ನವಲ್ದಲ್ಲ ಮಾಮಾ?"

ಚುರುಮುರಿ ಹಾಗೆಯೇ ತೇಲಿ ಹೋಗುತ್ತಿತ್ತು. ಮನೆಗೆ ಬಂದು ಹೇಳಿದರೆ ಅತ್ತೆ, "ವಾರಾ ವಾರಾ ಸಪ್ಪನ ಚುರುಮುರಿ ತಿಂದು ಬ್ಯಾಸರಾಗಿರಬೇಕ್ರಿ. ಒಗ್ಗರಣಿ ಹಾಕ್ಕೊಂಡು ಹೋಗ್ರಿ!" ಎಂದರು. ಅವರು ಅಂದದ್ದು ತಮಾಷೆಗೆ. ಮಾವ ನಿಜವಾಗಿಯೂ ಒಗ್ಗರಣೆ ಹಾಕಿಸಿದರು! ಮೀನು ಅದನ್ನೂ ಮುಟ್ಟಲಿಲ್ಲ. ದಾರಿಯಲ್ಲಿ ನಾನು ಸಾಕಷ್ಟು ಮುಟ್ಟಿದ್ದೆ.

ಕಣ್ಣು ತಾಗಿರಬೇಕೆಂದು ಮಾವ ಉಪ್ಪು ಮೆಣಸಿನಕಾಯಿ ಹಿಡಿದು ಹೊಳೆಗೇ ದೃಷ್ಟಿ ತೆಗೆದು ದಂಡೆಯಲ್ಲಿ ಸುಟ್ಟರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಮ್ಮುತ್ತ ಬೈಯುತ್ತ ಓಡಿದರು.

"ಘಾಟು ಬಂತಂದ್ರ ದೃಷ್ಟಿ ಆಗಿಲ್ಲ. ಹಂಗಾರ ಏನಾಗೇತಿ?"

ಮಾವನಿಗೆ ತಿಳಿಯಲಿಲ್ಲ. ನನಗಂತೂ ಯಾವತ್ತು ಏನು ತಿಳಿದಿತ್ತು?

ಅತ್ತೆಗೆ ಉಬ್ಬಸವಿತ್ತು. ಒಂದು ಬೆಳಿಗ್ಗೆ ಅದು ಜೋರಾಗಿ, ಕಿಟಕಿಯ ಸರಳು ಹಿಡಿದು ಬಾಯಿ ತೆರೆದು ಕೂತಿದ್ದರು. ಬಿಸಿನೀರು ಕೊಟ್ಟರೆ ಒಂದು ಗುಟುಕೂ ಇಳಿಯಲಿಲ್ಲ. ಬೆನ್ನು ತಿಕ್ಕುತ್ತಿದ್ದ ಮಾವ ಇದ್ದಕ್ಕಿದ್ದಂತೆ ಅವರ ಮುಖವನ್ನೇ ನೋಡತೊಡಗಿದರು.

"ಅಳ್ಯಾ, ಅವು ನನ್ನ ನೋಡಾಕ ಬಂದಿದ್ದಿಲ್ಲೋ. ಅವಕ್ಕ ಉಸಿರು ಸಿಗವಲ್ದು."

ಅತ್ತೆ ಸುಧಾರಿಸಿಕೊಂಡ ಮೇಲೆ ಹೊಳೆಗೆ ಓಡಿದೆವು. ನಮ್ಮ ಮೀನಿನ ಮಡುವಿಗೇ ಊರಿನ ಗಟಾರ ಬಂದು ಸೇರುತ್ತಿತ್ತು. ನೀರು ಕಪ್ಪಗಾಗಿತ್ತು, ಮೇಲೆಲ್ಲ ನೊರೆ. ಕೆಲವು ಮೀನು ಸತ್ತು ತೇಲುತ್ತಿದ್ದವು. ಇಷ್ಟು ದಿನ ಆ ಗಟಾರವನ್ನು ಮೂಗು ಮುಚ್ಚಿಕೊಂಡು ದಾಟಿಯೇ ಪುಣ್ಯ ಮಾಡಲು ಬರುತ್ತಿದ್ದೆವು!

"ನಮ್ಮ ಬಚ್ಚಲ ನೀರೂ ಇದರಾಗ ಬರ್ತೈತೇನಲೇ?"

"ಬರ್ತೈತಿ ಮಾಮಾ."

ಮೀನು ಮುಟ್ಟದ ಮಾವ ಧೋತರ ಬೀಸಿ ಮೀನು ಹಿಡಿದರು. ನಾನು ಮನೆಗೆ ಓಡಿ ತಂದ ಕೊಡಕ್ಕೆ ಹಾಕಿಕೊಂಡು, ಗಟಾರ ಸೇರುವ ಜಾಗಕ್ಕಿಂತ ಮೇಲೆ, ತಿಳಿನೀರಿಗೆ ಹೊತ್ತು ಬಿಟ್ಟೆವು. ದಾರಿಯಲ್ಲಿ ಪರಿಚಯದವರೊಬ್ಬರು ಕೊಡ ಇಣುಕಿ, ಮಾವನ ವಿಭೂತಿ ನೋಡಿ, "ಯಾವಾಗಿಂದ ತಿನ್ನಾಕ ಹತ್ತೀರಿ?" ಎಂದರು. ಉತ್ತರ ಕೊಡಲು ಮಾವನಿಗೆ ಪುರುಸೊತ್ತೆಲ್ಲಿ?

ಮುಂದಿನ ಸೋಮವಾರ ಅತ್ತೆಯನ್ನೂ ಅಲ್ಲಿಗೆ ಕರೆದೊಯ್ದೆವು. ಮಾವ ಚುರುಮುರಿ ಹಿಡಿದು, "ಬರ್ರಿ, ಬರ್ರಿ" ಎಂದು ಕರೆದೇ ಕರೆದರು. ಒಂದೂ ಮೇಲೆ ಬರಲಿಲ್ಲ. ತಳದಲ್ಲಿ ತಮ್ಮ ಪಾಡಿಗೆ ತಾವು ಓಡಾಡಿಕೊಂಡಿದ್ದವು.

"ಇವೂ ನಿಮ್ಮ ಮಾತು ಕೇಳವಲ್ವು ನೋಡ್ರಿ!" ಎಂದು ಅತ್ತೆ ನಕ್ಕರು.

ಮಾವನ ಕಣ್ಣು ತುಂಬಿ ಬಂದಿತ್ತು. ಚುರುಮುರಿಯನ್ನೆಲ್ಲ ಅತ್ತೆಯ ಸೆರಗಿಗೆ ಸುರಿದರು.

"ಕೇಳೂದು ಬ್ಯಾಡ. ನೀನೂ ಕೇಳಬ್ಯಾಡ. ಆರಾಮ ಉಸಿರಾಡು, ಅಷ್ಟ ಸಾಕು."