ಆರು ಬಸವರಾಜರ ಗುರುತಿನ ಚೀಟಿ

ಸೋಮಾರಿತನವನ್ನು ಜಾಣತನವೆಂದು ಒಪ್ಪಿಕೊಂಡು ಮೇಲೆ ಸಂಬಳವನ್ನೂ ಕೊಡುವ ಉದ್ಯೋಗ ನಮ್ಮದೊಂದೇ ಇರಬೇಕು. ನಾನು ಪ್ರೋಗ್ರಾಂ ಬರೆಯುವವನು. ಒಂದೇ ಕೆಲಸವನ್ನು ಎರಡನೆಯ ಸಲ ಮಾಡು ಎಂದರೆ ಮೈ ಪರಚಿಕೊಳ್ಳುವಂತಾಗುತ್ತದೆ. ಮನೆಯಲ್ಲಿ ಹೆಂಡತಿ ಸಂತೆಯ ಪಟ್ಟಿ ಬರ್ಕೋರಿ ಎಂದರೂ, "ಹೋದ ವಾರದ್ದು ಅದ ಅಲ್ಲ, ಅದನ್ನೇ ಒಯ್ತೀನಿ ಬಿಡು" ಎನ್ನುತ್ತೇನೆ. ಹೀಗಾಗಿ ನಮ್ಮಲ್ಲಿ ಈಗ ಮೂರು ವರ್ಷಕ್ಕಾಗುವಷ್ಟು ಜೀರಿಗೆ ಇದೆ.

ಬಸವಕಲ್ಯಾಣದಿಂದ ದಿನವೂ ಬಸ್ಸು ಹಿಡಿದು ಹುಮನಾಬಾದಿನ ಒಂದು ಔಷಧ ಕಾರ್ಖಾನೆಗೆ ಹೋಗುತ್ತೇನೆ. ಆಗ ಸೇರಿ ಹನ್ನೊಂದು ತಿಂಗಳಾಗಿತ್ತು. ಕೆಲಸ ಕಾಯಂ ಆಗುವ ಕಾಗದಕ್ಕೆ ನೌಕರರ ವ್ಯವಹಾರ ನೋಡುವ ಪರ್ಸನೆಲ್ ಆಫೀಸರ್ ಬಸವರಾಜ ಸಾಹೇಬರ ಸಹಿಯೊಂದೇ ಬಾಕಿ. ಕೇಳಿದಾಗಲೆಲ್ಲ "ನಾಳಿ ನೋಡೋಣ್ರಿ" ಎನ್ನುತ್ತಿದ್ದರು. ಇತ್ತ ನನ್ನ ಹೆಂಡತಿ, ಕೆಲಸ ಕಾಯಂ ಆಗಿಯೇ ಹೋಯಿತೆಂದು ತವರಿಗೆಲ್ಲ ಹೇಳಿ ಮುಗಿಸಿದ್ದಳು. ಅಷ್ಟರಲ್ಲಿ ಎಲ್ಲರಿಗೂ ಹೊಸ ಗುರುತಿನ ಚೀಟಿ ಮಾಡುವ ಕೆಲಸ ನನ್ನ ತಲೆಗೆ ಬಂತು.

ನಮ್ಮ ಕಡೆ ಬಸವರಾಜರಿಗೆ ಬರವಿಲ್ಲ. ನನ್ನನ್ನೂ ಹಿಡಿದು ಕಾರ್ಖಾನೆಯಲ್ಲೇ ಆರು ಮಂದಿ. "ಬಸವರಾಜಾ" ಎಂದು ಕೂಗಿದರೆ ಅರ್ಧ ಆಫೀಸು ಎದ್ದು ನಿಲ್ಲುತ್ತದೆ. ಅದಕ್ಕೇ ಹೆಸರಿನ ಹಿಂದೆ ಒಂದೊಂದು ಗುರುತು ಹಚ್ಚಿ ಕರೆಯುವುದು ರೂಢಿ. ಗೇಟು ಕಾಯುವವನು ಮೀಸೆ ಬಸವರಾಜ, ಚಿಟಗುಪ್ಪ ಊರಿನಿಂದ ಬರುವ ಲ್ಯಾಬಿನವನು ಚಿಟಗುಪ್ಪ ಬಸವರಾಜ, ಬಾಯ್ಲರಿನವನು ಸಿಟ್ಟಿನ ಬಸವರಾಜ, ಗೋದಾಮಿನವನು ಎರಡು ಚಹಾದ ಬಸವರಾಜ. ಪರ್ಸನೆಲ್ ಆಫೀಸರು, ಬೆನ್ನ ಹಿಂದೆ ಮಾತ್ರ, ನಾಳೆ ಬಸವರಾಜ. ಕಲಸುಮೇಲೋಗರ ಆಗದಿರಲೆಂದು ನಾನೂ ಪ್ರೋಗ್ರಾಮಿನಲ್ಲಿ ಪ್ರತಿ ದಾಖಲೆಗೆ 'ಗುರುತು' ಎಂಬ ಪ್ರಾಪರ್ಟಿಯೊಂದನ್ನು, ಅಂದರೆ ಒಂದು ಖಾನೆಯನ್ನು, ಸೇರಿಸಿ ಇವನ್ನೆಲ್ಲ ತುಂಬಿದ್ದೆ. ನನ್ನದನ್ನೂ ಬಿಟ್ಟಿರಲಿಲ್ಲ. ಅದರೊಳಗೆ ಇಣುಕುವವರು ನನ್ನ ಬಿಟ್ಟು ಯಾರು?

ಚೀಟಿಯ ಮೇಲೆ ಹೆಸರು, ಊರು, ವಿಭಾಗ, ರಕ್ತದ ಗುಂಪು ಎಂದು ಬೇಕಾದ್ದನ್ನು ಒಂದೊಂದಾಗಿ ಹೇಳಿ ಅಚ್ಚು ಹಾಕಿಸುವುದು ಮರ್ಯಾದಸ್ತರ ದಾರಿ. ಅದಕ್ಕೆ ಹದಿನಾಲ್ಕು ಸಾಲು ಬರೆಯಬೇಕು. ಅಯ್ಯೋ, ಯಾರಿಗೆ ಬೇಕು! ರಿಫ್ಲೆಕ್ಷನ್ ಎಂಬ ಉಪಾಯವಿದೆಯಲ್ಲ. ನಿನ್ನೊಳಗೆ ಏನೇನಿದೆ ಎಂದು ದಾಖಲೆಯನ್ನೇ ಕೇಳುವುದು, ಅದು ಹೇಳಿದ್ದರ ಮೇಲೆಲ್ಲ ಒಂದನ್ನೂ ಬಿಡದಂತೆ ಒಂದು ಲೂಪು ತಿರುಗಿಸುವುದು, ಸಿಕ್ಕಿದ್ದನ್ನೆಲ್ಲ ಅಚ್ಚು ಹಾಕುವುದು. ಚೀಲದೊಳಗೆ ತಡಕಾಡುವ ಬದಲು ಚೀಲವನ್ನೇ ತಲೆಕೆಳಗು ಮಾಡಿ ಸುರಿದ ಹಾಗೆ. ಮೂರೇ ಸಾಲು! ಖಾಲಿ ಇದ್ದದ್ದನ್ನು ಬಿಟ್ಟುಬಿಡು ಎಂದೂ ಹೇಳಿದ್ದೆ. ಪರೀಕ್ಷೆಗೆ ಕ್ಯಾಂಟೀನಿನ ರಾಜಾಬಾಯಿಯ ಚೀಟಿ ತೆಗೆದು ನೋಡಿದೆ, ಚೊಕ್ಕ ಬಂದಿತ್ತು. ಇಡೀ ಕಾರ್ಖಾನೆಗೆ ರಾಜಾಬಾಯಿ ಒಬ್ಬಳೇ, ಅವಳಿಗೆ ಗುರುತು ತುಂಬುವ ಪ್ರಸಂಗವೇ ಬಂದಿರಲಿಲ್ಲ ಎನ್ನುವುದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಎಲ್ಲರ ಚೀಟಿಗೂ ಪ್ರಿಂಟು ಕೊಟ್ಟು ಶಿಳ್ಳೆ ಹಾಕುತ್ತ ಬಸ್ಸು ಹತ್ತಿದೆ.

ಮರುದಿನ ಬಸ್ಸು ತಡವಾಯಿತು. ನಾನು ಮುಟ್ಟುವಷ್ಟರಲ್ಲಿ ಗೇಟಿನಲ್ಲಿ ಚೀಟಿ ಹಂಚಿಯಾಗಿತ್ತು. ಕಾವಲಿನ ಬಸವರಾಜನ ಎದೆಯ ಮೇಲೆ, ರಕ್ತದ ಗುಂಪಿನ ಕೆಳಗೆ, ದಪ್ಪ ಅಕ್ಷರದಲ್ಲಿ 'ಗುರುತು: ಮೀಸೆ' ಎಂದಿತ್ತು. ನನ್ನ ಲೂಪು ಗುರುತನ್ನೂ ಬಿಟ್ಟಿರಲಿಲ್ಲ.

"ಭಾರಿ ಮಾಡೀರಿ ನೋಡ್ರಿ!" ಎಂದು ಅವನು ಮೀಸೆ ತಿರುವಿದ. "ಸಾಹೇಬ್ರು ನಿಮಗ ಬಂದ ಕೂಡ್ಲೇ ಒಳಗ ಕಳಸು ಅಂದಾರ."

"ಅವ್ರು ತಮ್ಮ ಚೀಟಿ ನೋಡ್ಯಾರೇನೋ?"

"ಕೊಳ್ಳಾಗ ಹಾಕ್ಕೊಂಡೇ ಕುಂತಾರ್ರಿ."

ಹನ್ನೊಂದು ತಿಂಗಳ ದುಡಿಮೆ ಮೂರು ಸಾಲಿನಲ್ಲಿ ನೀರುಪಾಲಾಯಿತಲ್ಲ, ಮಾವನ ಮನೆಯಲ್ಲಿ ಯಾವ ಮುಖ ತೋರಿಸಲಿ ಎಂದುಕೊಳ್ಳುತ್ತ ಒಳಗೆ ಹೋದೆ. ಸಾಹೇಬರ ಎದೆಯ ಮೇಲೆ 'ಗುರುತು: ನಾಳೆ' ನೇತಾಡುತ್ತಿತ್ತು.

"ಏನ್ರಿ ಇದು?" ಎಂದರು.

ನಾನು ರಿಫ್ಲೆಕ್ಷನ್, ಲೂಪು, ಪ್ರಾಪರ್ಟಿ ಎಂದು ಬಡಬಡಿಸಿದೆ. ಅವರು ಕೈ ಎತ್ತಿ ತಡೆದರು.

"ಸಾಕ್ ಬಿಡ್ರಿ. ನನಗ ಹಿಂಗ ಅಂತಾರ ಅನ್ನೋದು ಹತ್ತು ವರ್ಷದಿಂದ ಗೊತ್ತದ. ಮನ್ಯಾಗೂ ಇದೇ ಹೆಸರ. ಆದ್ರ ಕೊಳ್ಳಾಗ ಕಟ್ಕೊಂಡು ಕುಂತಾಗ ಭಾಳ ಚುಚ್ಚತದ ನೋಡ್ರಿ." ಡ್ರಾಯರಿನಿಂದ ನನ್ನ ಕಾಗದ ತೆಗೆದು, ನಾನು ಕಣ್ಣು ಮಿಟುಕಿಸುವುದರೊಳಗೆ ಸಹಿ ಹಾಕಿದರು. "ತಗೋರಿ. ಇವತ್ತೇ ಮಾಡೀನಿ. ಹೊರಗ ಎಲ್ಲಾರಿಗೂ ಹೇಳ್ರಿ."

ಅಬ್ಬಾ! ಹೋದ ಜೀವ ಬಂದಂತಾಯಿತು. ಅವರ ಕಾಲಿಗೆ ಬೀಳುವುದೊಂದು ಬಾಕಿ. ಕಾಗದವನ್ನು ಜೇಬಿಗೆ ಸೇರಿಸಿ ಬಾಗಿಲ ತನಕ ಬಂದಿದ್ದೆ.

"ನಿಲ್ರಿ, ನಿಮ್ಮದು ಇಲ್ಲೇ ಅದ," ಎಂದು ಸಾಹೇಬರು ನನ್ನ ಚೀಟಿ ಎತ್ತಿ ಹಿಡಿದರು. "ನಮ್ಮೆಲ್ಲಾರ ಗುರುತು ಮಂದಿ ಇಟ್ಟಿದ್ದು. ಖರೆ ಹೇಳ್ರಿ, ಇದನ್ನ ಯಾರ್ ಇಟ್ರು?"

ಚೀಟಿಯಲ್ಲಿ ನನ್ನ ಫೋಟೋ ನಗುತ್ತಿತ್ತು. ಕೆಳಗೆ 'ಗುರುತು: ಜಾಣ' ಎಂದಿತ್ತು.

ಅಂದೇ ಇನ್ನೊಂದು ಸಾಲು ಬರೆದು, ಗುರುತನ್ನು ಬಿಟ್ಟು ಉಳಿದದ್ದನ್ನು ಮಾತ್ರ ಅಚ್ಚು ಹಾಕು ಎಂದು ಲೂಪಿಗೆ ಹೇಳಿದೆ. ಹೊಸ ಚೀಟಿಗಳು ಬಂದವು, ಹಳೆಯವು ಕಸಕ್ಕೆ ಹೋದವು. ಈಗಲೂ "ಬಸವರಾಜಾ" ಎಂದರೆ ಅರ್ಧ ಆಫೀಸು ಎದ್ದು ನಿಲ್ಲುತ್ತದೆ. "ಏ ಜಾಣಾ" ಎಂದರೆ ಮಾತ್ರ ಎಲ್ಲರೂ ಕೂತಲ್ಲೇ ಕೂತು ನನ್ನ ಕಡೆ ತಿರುಗುತ್ತಾರೆ.